ನಿಮಗಿದು ಗೊತ್ತೇ? ಪೆಟ್ಟು ಗದ್ದಕ್ಕೆ, ರಕ್ತ ಕಿವಿಯಲ್ಲಿ!

ಎರಡೂ ಕಿವಿಗಳ ಮುಂದೆ ಒಂದೊಂದು ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಚರ್ಮದಡಿ ಏನೋ ಸರಿದಾಡಿತಲ್ಲ? ಅದೇ ನಿಮ್ಮ ಕೆಳದವಡೆಯ ಕೀಲು. ತಲೆಬುರುಡೆಯಲ್ಲಿ ಮುಖದ ಮೂಳೆಗಳೂ ಸೇರಿ 22 ಮೂಳೆಗಳಿವೆ. ಅಷ್ಟರಲ್ಲಿ ಹೀಗೆ ಆಡುವುದು ಇದೊಂದೇ!

ಮುಖದ ಮೂಳೆಗಳಲ್ಲೆಲ್ಲ ಅತಿ ದೊಡ್ಡದು ಕೆಳದವಡೆ. ಅತಿ ಗಟ್ಟಿಯಾದದ್ದೂ ಅದೇ. ಆದರೂ ರಸ್ತೆ ಅಪಘಾತದಲ್ಲಿ ಮುಖದ ಮೂಳೆ ಮುರಿದವರನ್ನು ನೋಡಿದರೆ ಇದರ ಸರದಿ ಮೇಲಿಂದ ಮೇಲೆ ಬರುತ್ತದೆ. ಯಾಕೆ ಗೊತ್ತೇ? ಗದ್ದ ಮುಂದಕ್ಕೆ ಚಾಚಿಕೊಂಡಿದೆ. ಬೈಕಿನಿಂದ ಮುಗ್ಗರಿಸಿ ಬಿದ್ದಾಗ ನೆಲ ಮುಟ್ಟುವ ಮೊದಲಿಗರಲ್ಲಿ ಅದೂ ಒಂದು!

ಹುಟ್ಟುವಾಗ ನಿಮ್ಮ ಕೆಳದವಡೆ ಒಂದು ಮೂಳೆಯಾಗಿರಲೇ ಇಲ್ಲ, ಎರಡಾಗಿತ್ತು! ಎಡದ್ದೊಂದು, ಬಲದ್ದೊಂದು. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಎರಡೂ ಗದ್ದದ ನಡುವೆ ಬೆಸೆದುಕೊಂಡು ಒಂದಾಗಿಬಿಡುತ್ತವೆ.

ಮನೆಯಲ್ಲಿ ಕೋಡುಬಳೆ ಇದೆಯೇ? ಒಂದನ್ನು ತೆಗೆದುಕೊಂಡು ಒಂದೇ ಒಂದು ಕಡೆ ಮುರಿಯಲು ಪ್ರಯತ್ನಿಸಿ. ಆಗುವುದಿಲ್ಲ! ಇನ್ನೊಂದು ಕಡೆಯೂ ಪಟ್ಟೆಂದು ಮುರಿಯುತ್ತದೆ. ದವಡೆಯ ಕಥೆಯೂ ಇದೇ. ಅದರ ಎರಡೂ ತುದಿಗಳು ತಲೆಬುರುಡೆಗೆ ಸೇರಿಕೊಂಡು ಉಂಗುರದ ಆಕಾರವಾಗಿದೆ. ಆದ್ದರಿಂದ ಒಂದು ಬಿರುಕು ಕಂಡರೆ ವೈದ್ಯರು ಎರಡನೆಯದನ್ನು ಹುಡುಕುತ್ತಾರೆ. ಬಹಳ ಸಲ ಅದು ಸಿಕ್ಕಿಯೂ ಬಿಡುತ್ತದೆ!

ಇನ್ನೂ ವಿಚಿತ್ರ ಕೇಳಿ. ಪೆಟ್ಟು ಬಿದ್ದದ್ದು ಎಡಗದ್ದಕ್ಕೆ, ಮುರಿದದ್ದು ಬಲಗಿವಿಯ ಹತ್ತಿರದ ಕೀಲು! ಪೆಟ್ಟಿನ ಬಲ ಮೂಳೆಯುದ್ದಕ್ಕೂ ಹರಿದು, ಎಲ್ಲಿ ತೆಳುವಾಗಿದೆಯೋ ಅಲ್ಲಿ ಹೊರಬೀಳುತ್ತದೆ. ಗಾಯ ಒಂದು ಕಡೆ, ನೋವು ಇನ್ನೊಂದು ಕಡೆ. ರೋಗಿಗೂ ಗಲಿಬಿಲಿ, ಮನೆಯವರಿಗೂ ಗಲಿಬಿಲಿ!

ಗದ್ದಕ್ಕೆ ಪೆಟ್ಟಾದವರ ಕಿವಿಯಿಂದ ರಕ್ತ ಬರುವುದುಂಟು! ದವಡೆಯ ಕೀಲು ಕಿವಿಯ ನಾಳಕ್ಕೆ ಅಂಟಿದಂತೆಯೇ ಇದೆ. ಗದ್ದದ ಪೆಟ್ಟು ಕೀಲನ್ನು ಹಿಂದಕ್ಕೆ ತಳ್ಳಿದರೆ ಕಿವಿನಾಳದ ಮುಂಗೋಡೆ ಹರಿಯುತ್ತದೆ. ತಲೆಬುರುಡೆಯ ತಳ ಸೀಳಿದಾಗಲೂ ಕಿವಿಯಲ್ಲಿ ರಕ್ತ ಬರುತ್ತದೆ. ಎರಡರಲ್ಲಿ ಯಾವುದು ಎಂದು ಪತ್ತೆ ಹಚ್ಚುವುದು ಸ್ಕ್ಯಾನಿಂಗ್ ಯಂತ್ರದ ಕೆಲಸ.

ಈಗ ನನಗೆ ಎಲ್ಲಕ್ಕಿಂತ ಅಚ್ಚರಿ ತಂದ ಸಂಗತಿ. ದವಡೆಯ ಕೀಲಿನ ತಲೆ ದಪ್ಪ, ಅದರ ಕತ್ತು ಮಾತ್ರ ತೆಳು. ಆ ಕೀಲಿನ ಮೇಲೆ ಕೂತಿರುವುದು ಮಿದುಳು! ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆಯ ಪದರ. ಗದ್ದಕ್ಕೆ ಜೋರು ಪೆಟ್ಟು ಬಿದ್ದಾಗ ಕೀಲಿನ ತಲೆ ನೇರವಾಗಿ ಮಿದುಳಿನೊಳಗೆ ನುಗ್ಗಬೇಕಿತ್ತು. ನುಗ್ಗುವುದು ತೀರಾ ಅಪರೂಪ. ಅದಕ್ಕೂ ಮೊದಲೇ ಆ ತೆಳು ಕತ್ತು ಮುರಿದುಹೋಗಿರುತ್ತದೆ. ಮೂಳೆ ಮುರಿದು ಮಿದುಳು ಉಳಿಯಿತು! ಮುರಿಯುವುದೂ ಒಂದು ರಕ್ಷಣೆ ಎಂದರೆ ನಂಬುತ್ತೀರಾ?

ಮೂಳೆ ಮುರಿಯಲು ಎಷ್ಟು ಬಲ ಬೇಕು? ಅಮೆರಿಕದ ವಿಮಾನಯಾನ ಸಂಸ್ಥೆಯ ಜಾನ್ ಸ್ವಿಯರಿಂಜನ್ 1965ರಲ್ಲಿ ಲೆಕ್ಕ ಕೊಟ್ಟರು. ಮೂಗಿಗೆ ಗುರುತ್ವದ ಸುಮಾರು 30 ಪಟ್ಟು ಸಾಕು. ದವಡೆಯ ಮೂಲೆಗೆ 70 ಪಟ್ಟು. ಗದ್ದದ ನಡುಭಾಗಕ್ಕೆ 100 ಪಟ್ಟು. ಕಣ್ಣಿನ ಮೇಲಿನ ಹುಬ್ಬಿನ ಏಣಿಗೆ ಬರೋಬ್ಬರಿ 200 ಪಟ್ಟು! ಇನ್ನೊಂದು ಮಾತು. ಬೈಕಿನ ವೇಗ ಎರಡು ಪಟ್ಟಾದರೆ ಗುದ್ದುವ ಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ!

ಬುದ್ಧಿಹಲ್ಲು ಬಂದಿದೆಯೇ? ಒಸಡಿನೊಳಗೇ ಹೂತುಕೊಂಡಿದೆಯೇ? ಹೂತಿದ್ದರೆ ಅದು ಮೂಳೆಯ ಜಾಗವನ್ನು ಕಬಳಿಸಿ ಕೂತಿದೆ. ದವಡೆಯ ಮೂಲೆ ಅಲ್ಲೇ ಮುರಿಯುವ ಸಾಧ್ಯತೆ ಹೆಚ್ಚು! ಮುಂದೆ ಕೋರೆಹಲ್ಲಿನ ಬಳಿಯೂ ಹೀಗೇ. ಅದರ ಬೇರು ಎಲ್ಲ ಹಲ್ಲುಗಳಿಗಿಂತ ಉದ್ದ. ಬೇರು ಉದ್ದವಾದಷ್ಟೂ ಅಲ್ಲಿ ಮೂಳೆ ಕಡಿಮೆ.

ಒಂದು ಮುರಿತಕ್ಕೆ ಕಾವಲು ಸಿಪಾಯಿಯ ಹೆಸರಿದೆ! ಗಂಟೆಗಟ್ಟಲೆ ಅಲ್ಲಾಡದೆ ನಿಂತ ಸೈನಿಕ ತಲೆ ಸುತ್ತಿ ನೇರ ಮುಂದಕ್ಕೆ ಬೀಳುತ್ತಾನೆ. ಕೈ ಊರುವಷ್ಟೂ ಪ್ರಜ್ಞೆ ಇರುವುದಿಲ್ಲ. ಗದ್ದ ನೆಲಕ್ಕೆ ಬಡಿಯುತ್ತದೆ. ಗದ್ದದ ನಡುವೆ ಒಂದು, ಎರಡು ಕಿವಿಗಳ ಹತ್ತಿರ ಎರಡು, ಒಟ್ಟು ಮೂರು ಕಡೆ ಮುರಿತ! ಹ್ಯಾಂಡಲ್ ಮೇಲಿಂದ ಹಾರಿಬಿದ್ದ ಬೈಕ್ ಸವಾರನಲ್ಲೂ ಇದೇ ಮೂರು ಮುರಿತ ಕಾಣಿಸಿಕೊಳ್ಳುತ್ತದೆ.

ಇದೆಲ್ಲ ಕೆಳದವಡೆಯ ಮಾತಾಯಿತು. ಮೇಲ್ದವಡೆಯ ಕಥೆ ಇನ್ನೂ ರೋಚಕ. ಫ್ರಾನ್ಸಿನ ಲೀಲ್ ನಗರದಲ್ಲಿ ರೆನೆ ಲ ಫೋರ್ ಎಂಬ ವೈದ್ಯರಿದ್ದರು. ಸತ್ತವರ 35 ತಲೆಗಳನ್ನು ತೆಗೆದುಕೊಂಡು ಕೆಲವಕ್ಕೆ ದೊಣ್ಣೆಯಿಂದ ಹೊಡೆದರು, ಕೆಲವನ್ನು ಮೇಜಿನ ಅಂಚಿಗೆ ಅಪ್ಪಳಿಸಿದರು! ಆಮೇಲೆ ಮಾಂಸ ಬಿಡಿಸಿ ಮೂಳೆ ನೋಡಿದರೆ ಅಚ್ಚರಿ. ಮುಖ ಮನಸ್ಸಿಗೆ ಬಂದಂತೆ ಒಡೆದಿರಲಿಲ್ಲ. ಮತ್ತೆ ಮತ್ತೆ ಅದೇ ಮೂರು ಗೆರೆಗಳಲ್ಲಿ ಸೀಳಿತ್ತು! 1901ರಲ್ಲಿ ಅವರು ಬರೆದಿಟ್ಟ ಆ ಮೂರು ಗೆರೆಗಳ ಹೆಸರನ್ನೇ ಇಂದಿಗೂ ಅಪಘಾತ ವಾರ್ಡಿನ ವೈದ್ಯರು ಬರೆಯುತ್ತಾರೆ.

ಆ ಮೂರರಲ್ಲಿ ಕೊನೆಯದು ಭಯಂಕರ. ಇಡೀ ಮುಖವೇ ತಲೆಬುರುಡೆಯಿಂದ ಬಿಟ್ಟುಕೊಳ್ಳುತ್ತದೆ! ವೈದ್ಯರು ಮೇಲಿನ ಮುಂಹಲ್ಲುಗಳನ್ನು ಹಿಡಿದು ಮೆಲ್ಲಗೆ ಅಲುಗಿಸಿದರೆ ಕಣ್ಣಿನ ಸುತ್ತಲಿನ ಮೂಳೆಯೂ ಜೊತೆಗೇ ಅಲುಗುತ್ತದೆ.

ಹಾಗಾದರೆ ದವಡೆ ಮುರಿದದ್ದಕ್ಕೇ ಜನ ಸಾಯುತ್ತಾರೆಯೇ? ಬರೀ ಅದರಿಂದ ಸಾಯುವುದು ಅಪರೂಪ. ಪ್ರಾಣ ತೆಗೆಯುವುದು ಅದರ ಜೊತೆಗೆ ಬರುವ ಪೆಟ್ಟುಗಳು. ಮಿದುಳು, ಕತ್ತಿನ ಮೂಳೆ, ಒಳಗಿನ ರಕ್ತಸ್ರಾವ. ಇವುಗಳ ಜೊತೆಗೆ ಇನ್ನೊಂದಿದೆ. ಅದನ್ನು ಕೇಳಿದರೆ ಬೆಚ್ಚಿಬೀಳುತ್ತೀರಿ.

ಅದು ನಿಮ್ಮದೇ ನಾಲಿಗೆ! ನಾಲಿಗೆ ಮುಂದಕ್ಕೆ ನಿಂತಿರುವುದೇ ಗದ್ದದ ಒಳಬದಿಗೆ ಕಟ್ಟಿಕೊಂಡಿರುವುದರಿಂದ. ಗದ್ದದ ಎರಡೂ ಪಕ್ಕ ಮೂಳೆ ಮುರಿಯಿತು ಎನ್ನಿ. ಗದ್ದದ ತುಂಡು ಸಡಿಲವಾಗಿ ಹಿಂದಕ್ಕೆ ಜಾರುತ್ತದೆ. ಅದರ ಜೊತೆ ನಾಲಿಗೆಯೂ ಗಂಟಲಿಗೆ ಜಾರಿ ಉಸಿರಿನ ದಾರಿ ಮುಚ್ಚುತ್ತದೆ. ಅಂಗಾತ ಮಲಗಿಸಿದರಂತೂ ಮುಗಿಯಿತು! ಎಚ್ಚರವಿರುವ ಗಾಯಾಳು ಎದ್ದು ಕೂತು ಮುಂದಕ್ಕೆ ಬಾಗಲು ಹೆಣಗುತ್ತಾನೆ. ಸುತ್ತಲಿನವರು ಪಾಪ, ಸುಮ್ಮನೆ ಮಲಗಪ್ಪ ಎಂದು ಒತ್ತಿ ಮಲಗಿಸುತ್ತಾರೆ. ಅವನ ದೇಹ ಅವನಿಗೆ ಸರಿಯಾದದ್ದನ್ನೇ ಹೇಳುತ್ತಿರುತ್ತದೆ! ಅವನನ್ನು ಬಾಗಿ ಕೂರಲು ಬಿಡಬೇಕು. ಎಚ್ಚರ ತಪ್ಪಿದವರನ್ನು ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಪಕ್ಕಕ್ಕೆ ಹೊರಳಿಸಬೇಕು. ಬಾಯಿಗೆ ನೀರು? ಬೇಡವೇ ಬೇಡ!

ಹಾಲಿವುಡ್ಡಿನ ಎಲಿಜಬೆತ್ ಟೇಲರ್ ಒಂದು ಜೀವ ಉಳಿಸಿದ ಕಥೆ ಗೊತ್ತೇ? 1956ರ ಮೇ 12. ಅವರ ಮನೆಯ ಔತಣ ಮುಗಿಸಿ ಹೊರಟ ನಟ ಮಾಂಟ್ಗೊಮರಿ ಕ್ಲಿಫ್ಟ್ ಕಾರು ಕಂಬಕ್ಕೆ ಗುದ್ದಿತು. ದವಡೆ ಮುರಿಯಿತು. ಉದುರಿದ ಹಲ್ಲುಗಳು ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟುತ್ತಿತ್ತು. ಟೇಲರ್ ಓಡಿಬಂದು, ನುಜ್ಜುಗುಜ್ಜಾದ ಕಾರಿನೊಳಗೆ ತೂರಿ, ಬೆರಳು ಹಾಕಿ ಹಲ್ಲುಗಳನ್ನು ಹೊರತೆಗೆದರು! ಕ್ಲಿಫ್ಟ್ ಬದುಕಿದರು. ಅರ್ಧಕ್ಕೆ ನಿಂತಿದ್ದ 'ರೇನ್‌ಟ್ರೀ ಕೌಂಟಿ' ಚಿತ್ರವನ್ನು ಮುಗಿಸಿಯೂ ಕೊಟ್ಟರು.

ಅಪಘಾತದ ಗಾಯಾಳುವಿನ ಹಲ್ಲು ಉದುರಿ ಕಾಣೆಯಾಗಿದ್ದರೆ ವೈದ್ಯರು ಎದೆಯ ಎಕ್ಸ್‌ರೇ ತೆಗೆಸುತ್ತಾರೆ! ಹಲ್ಲು ಶ್ವಾಸಕೋಶಕ್ಕೆ ಹೋಗಿ ಕೂತಿರಬಹುದು.

ಗದ್ದಕ್ಕೆ ಬಿದ್ದ ಪೆಟ್ಟು ತಲೆಬುರುಡೆಯ ತಳವನ್ನೂ ಸೀಳಬಲ್ಲದು. ಬೆನ್ನುಹುರಿ ಇಳಿದು ಬರುವ ದೊಡ್ಡ ರಂಧ್ರದ ಸುತ್ತ ಉಂಗುರದಂತೆ ಬಿರುಕು ಬಿಡುತ್ತದೆ. ಇನ್ನೊಂದು ಬಗೆಯಲ್ಲಿ ಬುರುಡೆಯ ತಳ ಅಡ್ಡಡ್ಡ ಎರಡು ಹೋಳಾಗುತ್ತದೆ. ಅದಕ್ಕೆ ವೈದ್ಯರ ಪುಸ್ತಕಗಳಲ್ಲಿ ಮೋಟಾರ್‌ಸೈಕಲ್ ಸವಾರರ ಮುರಿತ ಎಂದೇ ಹೆಸರು! ಅಪಘಾತದಲ್ಲಿ ಅಷ್ಟು ಸಲ ಕಂಡಿದ್ದಾರೆ.

ಮುಖದ ಮೂಳೆಗಳು ತಾವು ಮುರಿದು ಮಿದುಳನ್ನು ಉಳಿಸುತ್ತವೆಯೇ, ಪೆಟ್ಟನ್ನು ಮಿದುಳಿಗೇ ದಾಟಿಸುತ್ತವೆಯೇ? ಈ ವಾದ ವೈದ್ಯರ ನಡುವೆ ಇನ್ನೂ ನಡೆದಿದೆ. ಕೀಲಿನ ತೆಳು ಕತ್ತು ಒಂದು ಕಡೆ ಸಾಕ್ಷಿ ಹೇಳುತ್ತದೆ, ಸೀಳಿದ ಬುರುಡೆ ಇನ್ನೊಂದು ಕಡೆ. ನನಗೆ ಎರಡೂ ನಿಜ ಅನ್ನಿಸುತ್ತದೆ.

ಸತ್ತವರ ದವಡೆ ಮುರಿತ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದೇ ಇಲ್ಲ! ಮರಣೋತ್ತರ ಪರೀಕ್ಷೆಯಲ್ಲಿ ತಲೆ, ಎದೆ, ಹೊಟ್ಟೆ ತೆರೆದು ನೋಡುತ್ತಾರೆ. ಮುಖವನ್ನು ಸಾಮಾನ್ಯವಾಗಿ ಕೊಯ್ಯುವುದಿಲ್ಲ. ಮನೆಯವರು ಕೊನೆಯ ಸಲ ನೋಡಬೇಕಾದ ಮುಖವಲ್ಲವೇ? 1990ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ತಜ್ಞರು ಹೊಸ ದಾರಿ ಹಿಡಿದರು. ಕತ್ತಿ ಮುಟ್ಟಿಸದೆ ಶವವನ್ನು ಸಿಟಿ ಸ್ಕ್ಯಾನ್ ಮಾಡುವುದು! ಅಲ್ಲಿಯವರೆಗೆ ಅಡಗಿ ಕೂತಿದ್ದ ಮುಖದ ಮುರಿತಗಳು ಪರದೆಯ ಮೇಲೆ ಒಂದೊಂದಾಗಿ ಕಾಣಿಸಿಕೊಂಡವು.

ಮೋಟಾರು ವಾಹನಕ್ಕೆ ಬಲಿಯಾದ ಜಗತ್ತಿನ ಮೊದಲ ವ್ಯಕ್ತಿ ಎನಿಸಿದವರು ಯಾರು ಗೊತ್ತೇ? ಒಬ್ಬ ವಿಜ್ಞಾನಿ! ಐರ್ಲೆಂಡಿನ ಮೇರಿ ವಾರ್ಡ್. ಸೂಕ್ಷ್ಮದರ್ಶಕದಲ್ಲಿ ಕಂಡ ಲೋಕವನ್ನು ಚಿತ್ರ ಬರೆದು ಪುಸ್ತಕ ಮಾಡಿದ್ದವರು. 1869ರ ಆಗಸ್ಟ್ 31ರಂದು ಬಂಧುಗಳು ತಯಾರಿಸಿದ್ದ ಉಗಿಬಂಡಿಯಲ್ಲಿ ಹೊರಟಿದ್ದರು. ತಿರುವಿನಲ್ಲಿ ಕೆಳಗೆ ಬಿದ್ದು ಅದರ ಚಕ್ರಕ್ಕೇ ಸಿಕ್ಕಿದರು. ಅವರಿಗಾಗ 42 ವರ್ಷ.

1896ರಲ್ಲಿ ಲಂಡನ್ನಿನಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಕಾರಿಗೆ ಸಿಕ್ಕಿ ತೀರಿಕೊಂಡರು. ಇಂಥದ್ದು ಮತ್ತೆಂದೂ ನಡೆಯದಿರಲಿ ಎಂದು ವಿಚಾರಣೆ ನಡೆಸಿದ ಅಧಿಕಾರಿ ಆಶಿಸಿದರು. ಈಗ ರಸ್ತೆಗಳು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನರನ್ನು ಬಲಿ ತೆಗೆದುಕೊಳ್ಳುತ್ತಿವೆ. 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣವೇ ರಸ್ತೆ!

ಕುದುರೆ ಗಾಡಿಯ ಅಪಘಾತದಲ್ಲೂ ದವಡೆ ಮುರಿಯುತ್ತಿತ್ತು. 1865ರ ಏಪ್ರಿಲ್ 5. ಅಮೆರಿಕದ ವಿದೇಶಾಂಗ ಮಂತ್ರಿ ವಿಲಿಯಂ ಸೀವರ್ಡ್ ಅವರ ಗಾಡಿಯ ಕುದುರೆಗಳು ಬೆದರಿ ಓಡಿದವು. ಅವರು ಹಾರಲು ಹೋಗಿ ಬಿದ್ದರು. ದವಡೆ ಮುರಿಯಿತು, ತೋಳಿಗೂ ಪೆಟ್ಟಾಯಿತು. ಹಾಸಿಗೆ ಹಿಡಿದು ಒಂಬತ್ತು ದಿನಗಳಾಗಿದ್ದವು. ಅಧ್ಯಕ್ಷ ಲಿಂಕನ್‌ಗೆ ಗುಂಡು ಬಿದ್ದ ಅದೇ ರಾತ್ರಿ, ಕೊಲೆಗಾರನ ಜೊತೆಗಾರನೊಬ್ಬ ಸೀವರ್ಡ್ ಮನೆಗೂ ನುಗ್ಗಿದ! ಮಲಗಿದ್ದವರ ಮುಖ, ಕತ್ತಿಗೆ ಚೂರಿ ಹಾಕಿದ. ಆದರೂ ಸೀವರ್ಡ್ ಸಾಯಲಿಲ್ಲ. ಥಾಮಸ್ ಗನ್ನಿಂಗ್ ಎಂಬ ದಂತವೈದ್ಯರು ಗಟ್ಟಿ ರಬ್ಬರಿನ ಅಚ್ಚು ಮಾಡಿ ಬಾಯೊಳಗಿಟ್ಟು ದವಡೆ ಕೂಡಿಸಿದರು. ಎರಡೇ ವರ್ಷಕ್ಕೆ ಇದೇ ಸೀವರ್ಡ್ ರಷ್ಯಾದಿಂದ ಇಡೀ ಅಲಾಸ್ಕಾವನ್ನು ಖರೀದಿಸಿದರು!

ಇನ್ನೂ ಹಿಂದಕ್ಕೆ ಹೋಗೋಣವೇ? ಸುಮಾರು 3,600 ವರ್ಷ ಹಳೆಯ ಈಜಿಪ್ಟಿನ ವೈದ್ಯಸುರುಳಿಯೊಂದಿದೆ. ಅದರಲ್ಲಿ 48 ಗಾಯಾಳುಗಳ ವಿವರವಿದೆ. ಜಾರಿದ ದವಡೆಯನ್ನು ಕೂಡಿಸುವ ಬಗೆಯೂ ಇದೆ. ಹೆಬ್ಬೆರಳುಗಳು ಬಾಯೊಳಗೆ, ಉಳಿದ ಬೆರಳುಗಳು ಗದ್ದದ ಕೆಳಗೆ. ಇವತ್ತು ಯಾವ ಆಸ್ಪತ್ರೆಗೆ ಹೋದರೂ ಹೆಚ್ಚುಕಡಿಮೆ ಹೀಗೇ ಮಾಡುತ್ತಾರೆ! ಮುರಿದ ದವಡೆಗೆ ಮಾತ್ರ ಆ ವೈದ್ಯ ಕೈಚೆಲ್ಲಿದ್ದ. ಇದು ಚಿಕಿತ್ಸೆಗೆ ಸಿಗದ ಕಾಯಿಲೆ ಎಂದು ಬರೆದಿಟ್ಟ.

ಗ್ರೀಸಿನ ಹಿಪಾಕ್ರಟಿಸ್ ಕೈಚೆಲ್ಲಲಿಲ್ಲ. ಮುರಿತದ ಅಕ್ಕಪಕ್ಕದ ಹಲ್ಲುಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿ ಎಂದ. ಯಾವುದರಿಂದ? ನಾರಿನ ದಾರದಿಂದ, ಇಲ್ಲವೇ ಚಿನ್ನದ ತಂತಿಯಿಂದ!

ಹಲ್ಲು ಕಟ್ಟುವ ಆ ಉಪಾಯ ಇಂದಿಗೂ ಬದುಕಿದೆ. ಮೇಲಿನ ಹಲ್ಲಿನ ಸಾಲು, ಕೆಳಗಿನ ಸಾಲು ಎರಡಕ್ಕೂ ಲೋಹದ ಪಟ್ಟಿ ಹಾಕಿ ತಂತಿಯಿಂದ ಬಾಯನ್ನೇ ಕಟ್ಟಿಬಿಡುತ್ತಾರೆ. ನಾಲ್ಕರಿಂದ ಆರು ವಾರ ಗಂಜಿ, ಹಾಲು, ಹಣ್ಣಿನ ರಸವೇ ಊಟ! ಹಾಸಿಗೆಯ ಪಕ್ಕ ತಂತಿ ಕತ್ತರಿಸುವ ಇಕ್ಕಳ ಇರಲೇಬೇಕು. ವಾಂತಿ ಬಂದರೆ ಬಾಯಿ ತೆರೆಯಬೇಕಲ್ಲ?

ಹೀಗೆ ಕಟ್ಟಿದ ಬಾಯಲ್ಲೇ ಒಬ್ಬ ಹಾಡಿಬಿಟ್ಟ! ಅಮೆರಿಕದ ರ್‍ಯಾಪ್ ಗಾಯಕ ಕಾನ್ಯೆ ವೆಸ್ಟ್ 2002ರ ಅಕ್ಟೋಬರ್‌ನಲ್ಲಿ ಕಾರು ಅಪಘಾತದಲ್ಲಿ ದವಡೆ ಮುರಿದುಕೊಂಡರು. ಕೆಲವೇ ವಾರಗಳಲ್ಲಿ, ತಂತಿ ಬಿಚ್ಚುವ ಮೊದಲೇ, 'ಥ್ರೂ ದ ವೈರ್' ಹಾಡನ್ನು ಧ್ವನಿಮುದ್ರಿಸಿದರು. ಅವರನ್ನು ಪ್ರಸಿದ್ಧಿಗೆ ತಂದದ್ದೇ ಆ ಹಾಡು!

ಅದೇ 2002ರಲ್ಲಿ ನಮ್ಮ ಬೆಂಗಳೂರಿನ ಹುಡುಗ ಏನು ಮಾಡಿದ್ದರು ನೆನಪಿದೆಯೇ? ಅದು ರಸ್ತೆಯಲ್ಲಲ್ಲ, ಆಂಟಿಗುವಾದ ಕ್ರಿಕೆಟ್ ಅಂಗಳದಲ್ಲಿ. ಮರ್ವಿನ್ ಡಿಲ್ಲನ್ ಎಸೆದ ಚೆಂಡು ಅನಿಲ್ ಕುಂಬ್ಳೆ ದವಡೆಯನ್ನು ಮುರಿಯಿತು. ನೆತ್ತಿಯಿಂದ ಗದ್ದಕ್ಕೆ ಪಟ್ಟಿ ಸುತ್ತಿಕೊಂಡು ಬಂದವರು ಒಂದೇ ಸಮನೆ 14 ಓವರ್ ಎಸೆದರು. ಬ್ರಯಾನ್ ಲಾರಾ ವಿಕೆಟ್ಟನ್ನೂ ಕಿತ್ತರು! ಆ ಪಟ್ಟಿ ಬರೀ ಧೈರ್ಯದ ಗುರುತಾಗಿರಲಿಲ್ಲ. ಮುರಿದ ದವಡೆ ಜೋತುಬೀಳದಂತೆ ಹಿಡಿಯಲು ವೈದ್ಯರು ಹೀಗೇ ಸುತ್ತುತ್ತಾರೆ.

ದವಡೆ ಮುರಿದಿದೆಯೋ ಇಲ್ಲವೋ, ಎಕ್ಸ್‌ರೇ ಇಲ್ಲದೆ ತಿಳಿಯಬಹುದೇ? ವೈದ್ಯರ ಹತ್ತಿರ ಒಂದು ಮರದ ಕಡ್ಡಿ ಇದ್ದರೆ ಸಾಕು! ನಾಲಿಗೆ ಒತ್ತಿ ನೋಡುವ ಆ ಚಪ್ಪಟೆ ಕಡ್ಡಿಯನ್ನು ಹಲ್ಲುಗಳ ನಡುವೆ ಕಚ್ಚಿಸಿ ತಿರುಚುತ್ತಾರೆ. ಕಡ್ಡಿ ಮುರಿಯುವವರೆಗೂ ಕಚ್ಚಿ ಹಿಡಿದರೆ ದವಡೆ ಬಹುತೇಕ ಕ್ಷೇಮ. ನೋವಿಗೆ ಬಾಯಿ ಬಿಟ್ಟರೆ ಸ್ಕ್ಯಾನ್‌ಗೆ ಕಳುಹಿಸುತ್ತಾರೆ.

ಅದಕ್ಕಿಂತ ಸುಲಭದ ಸುಳಿವನ್ನು ಗಾಯಾಳುವೇ ಕೊಡುತ್ತಾನೆ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕೂಡುತ್ತಿಲ್ಲ ಎನ್ನುತ್ತಾನೆ. ಕೂದಲೆಳೆಯಷ್ಟು ವ್ಯತ್ಯಾಸವೂ ಹಲ್ಲಿಗೆ ಗೊತ್ತಾಗುತ್ತದೆ! ಕೆಳತುಟಿ ಜೋಮು ಹಿಡಿದಿದ್ದರೆ ಅದೂ ಒಂದು ಸುಳಿವು. ಆ ತುಟಿಗೆ ಹೋಗುವ ನರ ದವಡೆಯ ಮೂಳೆಯೊಳಗೇ ಹಾದುಹೋಗುತ್ತದೆ.

ಅಂದಹಾಗೆ, ನಮ್ಮಲ್ಲಿ ಮುರಿದ ದವಡೆಗೆ ಶಸ್ತ್ರಚಿಕಿತ್ಸೆ ಮಾಡುವವರು ಹೆಚ್ಚಾಗಿ ದಂತವೈದ್ಯಕೀಯ ಓದಿದವರು! ಬಿಡಿಎಸ್ ಮುಗಿಸಿ, ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದವರು. ಈಗ ಅವರು ಟೈಟಾನಿಯಂನ ಪುಟ್ಟ ಪಟ್ಟಿ, ಪುಟ್ಟ ಸ್ಕ್ರೂಗಳಿಂದ ಮೂಳೆ ಕೂಡಿಸುತ್ತಾರೆ. ಎಷ್ಟೋ ರೋಗಿಗಳಿಗೆ ವಾರಗಟ್ಟಲೆ ಬಾಯಿ ಕಟ್ಟಿಸಿಕೊಳ್ಳುವ ಕಷ್ಟವೇ ತಪ್ಪಿತು!

ಬೇರಿನ ಸಮೇತ ಹಲ್ಲು ಬಿದ್ದಿದೆಯೇ? ತೊಳೆದು ಉಜ್ಜಬೇಡಿ. ಬೇರನ್ನು ಮುಟ್ಟದೆ ಹಾಲಿನಲ್ಲಿ ಹಾಕಿ ತನ್ನಿ! ಒಂದು ಗಂಟೆಯೊಳಗೆ ತಲುಪಿದರೆ ದೊಡ್ಡವರ ಹಲ್ಲನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸುವ ಸಾಧ್ಯತೆ ಚೆನ್ನಾಗಿರುತ್ತದೆ.

1930ರ ದಶಕದಲ್ಲಿ ಕಾರಿನ ಡ್ಯಾಶ್‌ಬೋರ್ಡ್ ತುಂಬ ಚೂಪು ಗುಬ್ಬಿಗಳಿದ್ದವು. ಅಮೆರಿಕದ ಡೆಟ್ರಾಯಿಟ್‌ನ ಪ್ಲಾಸ್ಟಿಕ್ ಸರ್ಜನ್ ಕ್ಲೇರ್ ಸ್ಟ್ರೇತ್ ಒಡೆದ ಮುಖಗಳನ್ನು ಹೊಲಿದು ಹೊಲಿದು ರೋಸಿಹೋದರು. ಕಾರು ಕಂಪನಿಗಳ ಹಿಂದೆ ಬಿದ್ದರು. 1937ರ ಕ್ರೈಸ್ಲರ್ ಕಾರುಗಳಲ್ಲಿ ಆ ಗುಬ್ಬಿಗಳು ಒಳಕ್ಕೆ ಸರಿದವು! ಡಾಕ್ಟರು ಹೇಳಿ ಕಾರಿನ ಆಕಾರವೇ ಬದಲಾಯಿತು.

ಹೆಲ್ಮೆಟ್ ಹಿಂದೆಯೂ ಒಬ್ಬ ಡಾಕ್ಟರಿದ್ದಾರೆ. 1935ರ ಮೇ ತಿಂಗಳು. ಲಾರೆನ್ಸ್ ಆಫ್ ಅರೇಬಿಯಾ ಎಂದು ಹೆಸರಾದ ಟಿ.ಇ. ಲಾರೆನ್ಸ್ ಬೈಕಿನಲ್ಲಿ ಹೊರಟಿದ್ದರು. ಎದುರಿಗೆ ಸೈಕಲ್ ಮೇಲೆ ಇಬ್ಬರು ಹುಡುಗರು. ತಪ್ಪಿಸಲು ಹೋಗಿ ಬಿದ್ದರು, ಆರು ದಿನ ಪ್ರಜ್ಞೆಯಿಲ್ಲದೆ ಇದ್ದು ತೀರಿಕೊಂಡರು. ಅವರನ್ನು ನೋಡಿದ್ದ ಮಿದುಳು ತಜ್ಞ ಹ್ಯೂ ಕೇರ್ನ್ಸ್ ಸುಮ್ಮನಾಗಲಿಲ್ಲ. ಬೈಕ್ ಸವಾರರ ತಲೆಪೆಟ್ಟುಗಳ ಲೆಕ್ಕ ಹಾಕುತ್ತಾ ಕೂತರು. 1941ರಲ್ಲಿ ಅವರ ಬರಹ ಅಚ್ಚಾಯಿತು. ಹೆಲ್ಮೆಟ್ ಹಾಕಿದ ಗಾಯಾಳುಗಳು ಅವರಿಗೆ ಸಿಕ್ಕಿದ್ದು ಏಳೇ ಏಳು ಜನ. ಏಳೂ ಜನ ಬದುಕಿದ್ದರು! ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆಲ್ಲ ಹೆಲ್ಮೆಟ್ ಕಡ್ಡಾಯ ಮಾಡಿತು.

ಆದರೆ ಆ ಹೆಲ್ಮೆಟ್ಟಿಗೆ ಗದ್ದವೇ ಇರಲಿಲ್ಲ! ಗದ್ದ ಮುಚ್ಚುವ ಹೆಲ್ಮೆಟ್ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. 1968ರ ಜರ್ಮನ್ ಗ್ರ್ಯಾನ್ ಪ್ರಿಯಲ್ಲಿ ಡ್ಯಾನ್ ಗರ್ನಿ ಅದನ್ನು ಹಾಕಿ ಬಂದರು. ಫಾರ್ಮುಲಾ ಒನ್ ರೇಸಿನಲ್ಲಿ ಮುಖ ಮುಚ್ಚಿದ ಹೆಲ್ಮೆಟ್ ಹಾಕಿದ ಮೊದಲಿಗರು ಅವರೇ.

ಹೆಲ್ಮೆಟ್ ಮೇಲೆ ಪೆಟ್ಟು ಬೀಳುವುದು ಎಲ್ಲಿ? ನೆತ್ತಿಯ ಮೇಲೆ ಎನ್ನುತ್ತೀರಿ ಅಲ್ಲವೇ? ಜರ್ಮನಿಯ ಹ್ಯಾನೋವರ್‌ನ ಡೀಟ್ಮಾರ್ ಓಟೆ ಅಪಘಾತಕ್ಕೆ ಸಿಕ್ಕ ಹೆಲ್ಮೆಟ್‌ಗಳನ್ನು ಪರೀಕ್ಷಿಸಿದರು. ಸುಮಾರು 35% ಪೆಟ್ಟು ಬಿದ್ದಿದ್ದು ಗದ್ದದ ಭಾಗದ ಮೇಲೆ! ನೆತ್ತಿಯ ತುದಿಗೆ ಬಿದ್ದದ್ದು ಬಹಳ ಬಹಳ ಕಡಿಮೆ. ಈಗ ನಮ್ಮೂರಿನ ಸಿಗ್ನಲ್‌ನಲ್ಲಿ ನಿಂತು ಸುತ್ತ ನೋಡಿ. ನೆತ್ತಿ ಮಾತ್ರ ಮುಚ್ಚುವ ಹಾಫ್ ಹೆಲ್ಮೆಟ್‌ಗಳು ಎಷ್ಟು! ಪೆಟ್ಟು ಕಡಿಮೆ ಬೀಳುವ ಜಾಗಕ್ಕೆ ಟೋಪಿ, ಹೆಚ್ಚು ಬೀಳುವ ಜಾಗ ಬಯಲು. ದಯವಿಟ್ಟು ಗದ್ದ ಮುಚ್ಚುವುದನ್ನೇ ಕೊಳ್ಳಿ.

ಗದ್ದ ಮುಚ್ಚಿದಂತೆ ಕಂಡದ್ದೆಲ್ಲ ಗದ್ದ ಕಾಯುವುದಿಲ್ಲ! ಯುರೋಪಿನ ಮಾನದಂಡದ ಹೆಲ್ಮೆಟ್‌ಗಳಲ್ಲಿ 'ಪಿ' ಎಂದಿದ್ದರೆ ಗದ್ದದ ಭಾಗವೂ ಪರೀಕ್ಷೆ ಪಾಸಾಗಿದೆ. 'ಎನ್‌ಪಿ' ಎಂದಿದ್ದರೆ ಆ ಭಾಗ ಬರೀ ಗಾಳಿ, ದೂಳಿಗೆ.

ಹೆಲ್ಮೆಟ್ ಹಾಕಿದರೆ ಬೈಕ್ ಸವಾರರ ಸಾವಿನ ಅಪಾಯ ಸುಮಾರು 42% ಇಳಿಯುತ್ತದೆ, ತಲೆಪೆಟ್ಟಿನ ಅಪಾಯ 69% ಇಳಿಯುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಲೆಕ್ಕವಿದು. ಗದ್ದದ ಪಟ್ಟಿ ಬಿಗಿಯದಿದ್ದರೆ? ಬೀಳುವಾಗ ಹೆಲ್ಮೆಟ್ ಒಂದು ದಿಕ್ಕಿಗೆ, ತಲೆ ಒಂದು ದಿಕ್ಕಿಗೆ!

ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಈ ಲೆಕ್ಕದಲ್ಲಿ 14,337 ಮಂದಿ ಹಿಂಬದಿ ಸವಾರರು! ಹಿಂದೆ ಕೂತವರಿಗೂ ಗದ್ದವಿದೆ, ಅವರಿಗೂ ಒಂದು ಹೆಲ್ಮೆಟ್ ಬೇಕು.

ಅಪಘಾತ ಕಂಡರೆ ಪೊಲೀಸು, ಕೋರ್ಟು ಎಂದು ಹೆದರಿ ಮುಂದಕ್ಕೆ ಹೋಗುವವರಿದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಎಂಬ ಹೊಸ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿನ ನೆರವಿಗೆ ಬಂದವರನ್ನು ಅದು ಕಾಯುತ್ತದೆ. ಎಚ್ಚರ ತಪ್ಪಿದ ಗಾಯಾಳುವನ್ನು ಪಕ್ಕಕ್ಕೆ ಹೊರಳಿಸಿ, 108ಕ್ಕೆ ಫೋನ್ ಮಾಡಿ, ಅಂಬುಲೆನ್ಸ್ ಹತ್ತಿಸಿ. ನಿಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ನಿಮ್ಮನ್ನು ಬಲವಂತ ಮಾಡುವಂತಿಲ್ಲ!